ನಡುಕ ತಡೆಯುವ ಶಾಫ್ಟು, ಅದನ್ನು ತೆಗೆಸುವವರ ಲೆಕ್ಕ

ಟಿಲ್ಲರ್ ಹಿಡಿದು ಅರ್ಧ ದಿನ ಉತ್ತವರಿಗೆ ಸಂಜೆ ಅಂಗೈ ಜುಮ್ಮೆನ್ನುವುದು ಗೊತ್ತೇ ಇದೆ. ಊಟಕ್ಕೆ ಕೂತರೂ ಬೆರಳಿನ ನಡುಕ ನಿಂತಿರುವುದಿಲ್ಲ. ಹಳೇ ಬುಲೆಟ್‌ನಲ್ಲಿ ಚನ್ನರಾಯಪಟ್ಟಣದಿಂದ ದೊಡ್ಡಬಳ್ಳಾಪುರಕ್ಕೆ ಹೋಗಿ ಬಂದವರ ಕಥೆಯೂ ಅಷ್ಟೆ. (ಹಾಸನದ ಚನ್ನರಾಯಪಟ್ಟಣ ಅಲ್ಲ, ದೇವನಹಳ್ಳಿ ತಾಲ್ಲೂಕಿನ ನಮ್ಮ ಹೋಬಳಿ.)

ಈ ನಡುಕ ತಗ್ಗಿಸಲೆಂದೇ ಎಂಜಿನ್ ಒಳಗೆ ಬ್ಯಾಲೆನ್ಸ್ ಶಾಫ್ಟ್ ಇಡುತ್ತಾರೆ. ಅದನ್ನು ತೆಗೆಸಿಬಿಡೋಣ ಅನ್ನುವ ಮಾತೂ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಬೇರಿಂಗ್ ಹೋಗಿದೆ, ಪಾರ್ಟ್ ದುಬಾರಿ, ತೆಗೆದರೆ ಪಿಕಪ್ ಬರುತ್ತೆ, ಹಳೇ ಡಬ್ ಡಬ್ ಸದ್ದು ಬರುತ್ತೆ ಅಂತ ಒಬ್ಬೊಬ್ಬರದು ಒಂದೊಂದು ಕಾರಣ. ಕೆಲವು ಎಂಜಿನ್‌ಗಳಲ್ಲಿ ಸರಿಯಾದ ಪಾರ್ಟ್ ಹಾಕಿ ತೆಗೆಯಬಹುದು. ಕೆಲವದರಲ್ಲಿ ಮುಟ್ಟಲೇಬಾರದು. ಯಾವುದು ಯಾವುದು ಎಂದು ತಿಳಿಯಲು ಆ ಶಾಫ್ಟು ಅಲ್ಲಿಗೆ ಹೇಗೆ ಬಂತು ಎಂದು ನೋಡಬೇಕು.

ಒಂದೇ ಕೈಯಲ್ಲಿ ತುಂಬಿದ ಕೊಡ ಹಿಡಿದು ನಡೆದರೆ ಮೈ ವಾಲುತ್ತದೆ. ಇನ್ನೊಂದು ಕೈಗೂ ಕೊಡ ಕೊಟ್ಟರೆ ನೆಟ್ಟಗೆ ನಡೆಯುತ್ತೇವೆ. ಪಿಸ್ಟನ್ ಒಂದೇ ಸಮನೆ ಹೋಗಿ ಬಂದು ಮಾಡುವಾಗ ಎಂಜಿನ್ ವಾಲದಂತೆ ಎದುರು ಭಾರ ತಿರುಗಿಸುವುದೇ ಈ ಶಾಫ್ಟಿನ ಕೆಲಸ. ಇದರ ಹಿಂದೆ ಬಿದ್ದವರಲ್ಲಿ ಮೊದಲ ಹೆಸರು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ (1868–1946). 1895–96ರಲ್ಲಿ ಅವರು ಕಟ್ಟಿದ ಮೊದಲ ಕಾರಿನಲ್ಲಿ ಒಂದೇ ಸಿಲಿಂಡರ್, ಆದರೆ ಎದುರುಬದುರು ತಿರುಗುವ ಎರಡು ಕ್ರ್ಯಾಂಕ್ ಶಾಫ್ಟ್. ಒಂದರ ಎಳೆತವನ್ನು ಇನ್ನೊಂದು ಕಳೆಯುತ್ತಿತ್ತು. ಮುಂದೆ ನಾಲ್ಕು ಸಿಲಿಂಡರ್ ಎಂಜಿನ್‌ಗೆ, ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ತಿರುಗುವ ಜೋಡಿ ಬ್ಯಾಲೆನ್ಸ್ ಶಾಫ್ಟನ್ನು ಅವರೇ ಯೋಚಿಸಿದರು.

ಎರಡರಷ್ಟು ವೇಗ ಯಾಕೆ? ನಾಲ್ಕು ಸಿಲಿಂಡರಿನಲ್ಲಿ ಎರಡು ಪಿಸ್ಟನ್ ಮೇಲೆ ಹೋದಾಗ ಎರಡು ಕೆಳಗೆ ಬರುತ್ತವೆ. ದೊಡ್ಡ ನಡುಕ ಅಲ್ಲೇ ತೀರಿಹೋಗುತ್ತದೆ. ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಪಿಸ್ಟನ್ ಮೇಲಿನ ಅರ್ಧದಲ್ಲಿ ಚುರುಕು, ಕೆಳಗಿನ ಅರ್ಧದಲ್ಲಿ ನಿಧಾನ. ಹಾಗಾಗಿ ಒಂದು ಸುತ್ತಿಗೆ ಎರಡು ಬಾರಿ ಸಣ್ಣ ಅದುರು ಉಳಿಯುತ್ತದೆ. ಎಂಜಿನ್ ವೇಗ ಎರಡರಷ್ಟಾದರೆ ಈ ಅದುರು ನಾಲ್ಕರಷ್ಟಾಗುತ್ತದೆ. ನಿಧಾನದ ಎಂಜಿನ್‌ಗಳು ಬಹುಕಾಲ ಇದಿಲ್ಲದೆ ನಡೆದದ್ದು ಅದಕ್ಕೇ.

ನಮ್ಮ ಕಡೆಯ ಬೈಕುಗಳಲ್ಲೂ ಬಹಳ ಕಾಲ ಈ ಶಾಫ್ಟ್ ಇರಲಿಲ್ಲ. 1955ರಿಂದ ಮದ್ರಾಸಿನಲ್ಲಿ ತಯಾರಾದ ಬುಲೆಟ್‌ನಲ್ಲಿ ಇಲ್ಲ, 1961ರಿಂದ ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದ ಜಾವಾ, ಯೆಜ್ಡಿಗಳಲ್ಲೂ ಇಲ್ಲ. ನಡುಕವನ್ನೇ ಜನ ಗಾಡಿಯ ಗತ್ತು ಅಂದುಕೊಂಡರು.

1967ರಲ್ಲಿ ಬೆಂಗಳೂರಿನಲ್ಲಿ ವಿಎಸ್‌ಟಿ ಟಿಲ್ಲರ್ಸ್ ಶುರುವಾಯಿತು. ಜಪಾನಿನ ಮಿತ್ಸುಬಿಷಿಯ ತಾಂತ್ರಿಕ ನೆರವಿತ್ತು. ಹಾಗೆ ಮಿತ್ಸುಬಿಷಿ ಹೆಸರು ಕಾರಿಗಿಂತ ಮೊದಲೇ ನಮ್ಮ ಗದ್ದೆಗೆ ಬಂತು. ಅದೇ ಮನೆತನದ ಕಾರು ಕಂಪನಿ ಲ್ಯಾಂಚೆಸ್ಟರ್ ಅವರ ಮರೆತುಹೋಗಿದ್ದ ಯೋಚನೆಯನ್ನು 1970ರ ದಶಕದ ಮಧ್ಯದಲ್ಲಿ ಹೊರತೆಗೆಯಿತು. ಎರಡು ಶಾಫ್ಟನ್ನು ಒಂದೇ ಮಟ್ಟದಲ್ಲಿ ಇಡದೆ ಒಂದನ್ನು ಮೇಲೆ, ಒಂದನ್ನು ಕೆಳಗೆ ಇಟ್ಟು 'ಸೈಲೆಂಟ್ ಶಾಫ್ಟ್' ಎಂದು ಹೆಸರಿಟ್ಟಿತು. ಪೋರ್ಷೆಯಂಥ ಪೋರ್ಷೆ ಕೂಡ ತನ್ನ 944 ಕಾರಿಗೆ ಮಿತ್ಸುಬಿಷಿಗೆ ಹಣ ಕೊಟ್ಟು ಲೈಸೆನ್ಸ್ ತೆಗೆದುಕೊಂಡಿತು.

ತೆಗೆಸುವ ಚಾಳಿ ಹುಟ್ಟಿದ್ದೂ ಇಂಥ ಎಂಜಿನ್‌ಗಳಿಂದಲೇ. ಮಿತ್ಸುಬಿಷಿಯ 4ಜಿ63ರಲ್ಲಿ ಒಂದು ಶಾಫ್ಟನ್ನು ಚಿಕ್ಕ ಬೆಲ್ಟ್ ತಿರುಗಿಸುತ್ತದೆ. ಅದು ಹರಿದು ಟೈಮಿಂಗ್ ಬೆಲ್ಟಿಗೆ ಸಿಕ್ಕಿಕೊಂಡರೆ ವಾಲ್ವು, ಪಿಸ್ಟನ್ ಎರಡೂ ಹೋದವು. ಆ ಭಯಕ್ಕೆ, ಜೊತೆಗೆ ರೇಸಿನ ಹುಚ್ಚಿಗೆ, ಹೊರದೇಶಗಳಲ್ಲಿ ತೆಗೆಯತೊಡಗಿದರು. ಇಲ್ಲಿ ಪಾರ್ಟಿನ ಪ್ರಶ್ನೆ ಬಂತು.

ಶಾಫ್ಟ್ ಕಿತ್ತು ಮುಚ್ಚಳ ಬಡಿದರೆ ಮುಗಿಯಲಿಲ್ಲ. ಇನ್ನೊಂದು ಶಾಫ್ಟಿನ ಮುಂದಿನ ತುದಿಯಲ್ಲೇ ಆಯಿಲ್ ಪಂಪಿನ ಗೇರ್ ಕೂತಿರುತ್ತದೆ. ಅದಕ್ಕೆ ಆಸರೆಯಾಗಿ ಗಿಡ್ಡ ಶಾಫ್ಟ್ ಬೇಕು. ಶಾಫ್ಟ್‌ಗಳ ಬುಷ್‌ಗೆ ಆಯಿಲ್ ಬರುವ ತೂತುಗಳಿವೆ. ಬುಷ್ ಹೊರತೆಗೆದು, ತೂತು ಮುಚ್ಚುವಂತೆ ತಿರುಗಿಸಿ ಮತ್ತೆ ಒತ್ತಬೇಕು. ಬಿಟ್ಟರೆ ಆಯಿಲ್ ಅಲ್ಲೇ ಸುರಿದು, ಕ್ರ್ಯಾಂಕಿನ ಬೇರಿಂಗ್‌ಗೆ ಪ್ರೆಷರ್ ಸಾಲದೆ ಎಂಜಿನ್ ಹಿಡಿದುಕೊಳ್ಳುತ್ತದೆ. ಹಳೇ ಶಾಫ್ಟನ್ನೇ ಕತ್ತರಿಸಿ ಬಳಸುವವರೂ ಇದ್ದಾರೆ. ಅದರೊಳಗಿನ ಆಯಿಲ್ ದಾರಿಯನ್ನು ಮುಚ್ಚದಿದ್ದರೆ ಅದೇ ಗತಿ. ಇನ್ನೊಂದು ತಾಪತ್ರಯ: 4ಜಿ63 ಎಂಬ ಒಂದೇ ಹೆಸರಿನಲ್ಲಿ ಫ್ಲೈವೀಲ್‌ಗೆ 6 ಬೋಲ್ಟಿನದು, 7 ಬೋಲ್ಟಿನದು ಎಂದು ಎರಡು ಬಗೆ ಇವೆ. ಗಿಡ್ಡ ಶಾಫ್ಟ್ ಎರಡಕ್ಕೂ ಬೇರೆ ಬೇರೆ.

ಪರ್ಕಿನ್ಸ್ 4.236 ಎಂಬ ಟ್ರ್ಯಾಕ್ಟರ್ ಎಂಜಿನ್‌ನದು ಇನ್ನೂ ಒಳ್ಳೆಯ ಪಾಠ. ಅದು ಬ್ಯಾಲೆನ್ಸರ್ ಇರುವುದು, ಇಲ್ಲದ್ದು ಎಂದು ಎರಡು ರೂಪದಲ್ಲಿ ಬಂತು. ಇರುವುದರಲ್ಲಿ ಆಯಿಲ್ ಪಂಪ್ ಬ್ಯಾಲೆನ್ಸರ್ ಜೊತೆಗೇ ಸೇರಿದೆ. ಅದನ್ನು ತೆಗೆದರೆ ಪಂಪೇ ಹೋಯಿತು. ಇಲ್ಲದ ರೂಪದ ಪಂಪು, ಅದರ ಪೈಪು ಎಲ್ಲ ಹುಡುಕಿ ಹಾಕಬೇಕು.

ಇಷ್ಟು ಮಾಡಿದರೂ ನಾಲ್ಕು ಸಿಲಿಂಡರಿಗೆ ಒಂದು ಅನುಕೂಲವಿದೆ. ಅಲ್ಲಿ ಈ ಶಾಫ್ಟು ಕ್ರ್ಯಾಂಕಿನ ಮೇಲೆ ಸೇರಿಸಿದ ಸೌಕರ್ಯ. ತೆಗೆದರೆ ಮೊದಲಿದ್ದ ಸಣ್ಣ ಅದುರು ಮರಳುತ್ತದೆ, ಅಷ್ಟೆ. ಒಂದು ಸಿಲಿಂಡರಿನ ಲೆಕ್ಕ ಹಾಗಲ್ಲ. 2020ರ ಮೀಟಿಯರ್ 350, 2021ರ ಹೊಸ ಕ್ಲಾಸಿಕ್ 350ರಲ್ಲಿ ರಾಯಲ್ ಎನ್‌ಫೀಲ್ಡ್ ಬ್ಯಾಲೆನ್ಸರ್ ಶಾಫ್ಟ್ ಇಟ್ಟಿತು. ಇಂಥ ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಎದುರು ಭಾರವನ್ನೇ ಆ ಶಾಫ್ಟು ಇದೆ ಎಂಬ ಲೆಕ್ಕದಲ್ಲಿ ತೂಗಿರುತ್ತಾರೆ. ಅದನ್ನು ತೆಗೆದರೆ ಹಳೇ ಬುಲೆಟ್ ಸಿಗುವುದಿಲ್ಲ. ಒಂದು ಕೊಡ ಇಳಿಸಿದ ಹೊಸ ಬುಲೆಟ್ ಸಿಗುತ್ತದೆ. ಬೋಲ್ಟ್ ಸಡಿಲವಾಗುವುದು, ಬ್ರಾಕೆಟ್ ಸೀಳುವುದು ಆಮೇಲಿನ ಖರ್ಚು. ಇದಕ್ಕೆ ಸರಿಯಾದ ಪಾರ್ಟ್ ಅಂದರೆ ಹೊಸ ಬ್ಯಾಲೆನ್ಸರ್ ಒಂದೇ ಎಂಬುದು ನಮ್ಮ ಅಭಿಪ್ರಾಯ.

ಟಿಲ್ಲರಿಗೂ ಇದೇ ಮಾತು. 2025ರ ಜುಲೈನಲ್ಲಿ ಸರ್ಕಾರ ನಮ್ಮ ಹೋಬಳಿಯ 1,777 ಎಕರೆ ಸ್ವಾಧೀನ ಕೈಬಿಟ್ಟಿತು, ಭೂಮಿಯ ಜೊತೆ ಟಿಲ್ಲರಿನ ಕೆಲಸವೂ ಉಳಿಯಿತು. ಸೆಕೆಂಡ್ ಹ್ಯಾಂಡ್ ಟಿಲ್ಲರ್ ನೋಡುವವರು ಇದನ್ನು ಕೇಳಿಯೇ ಕೇಳಿ. ಚೀನಾದ ಎಸ್195 ಮಾದರಿಯ ಅಡ್ಡ ಎಂಜಿನ್‌ನಲ್ಲಿ ಎರಡು ಬ್ಯಾಲೆನ್ಸ್ ಶಾಫ್ಟ್ ಇವೆ. ಗೇರ್ ಬಿಚ್ಚಿ ಜೋಡಿಸುವಾಗ ಹಲ್ಲಿನ ಮೇಲಿನ ಗುರುತಿಗೆ ಗುರುತು ಕೂರಬೇಕು. ತಪ್ಪಿದರೆ ತಡೆಯಬೇಕಾದ ಭಾರವೇ ನಡುಕ ಹೆಚ್ಚಿಸುತ್ತದೆ. ಆಗ ಶಾಫ್ಟೇ ಕೆಟ್ಟಿದೆ ಎಂದು ಕಿತ್ತುಹಾಕಿದರೆ ಅನುಭವಿಸುವುದು ಹ್ಯಾಂಡಲ್ ಹಿಡಿದವನ ಕೈ. ವರ್ಷಗಟ್ಟಲೆ ಇಂಥ ನಡುಕ ತಿಂದ ಬೆರಳಿನಲ್ಲಿ ರಕ್ತ ಓಡಾಟ ಕುಗ್ಗಿ, ಚಳಿಗೆ ಬೆಳ್ಳಗಾಗಿ ಸ್ಪರ್ಶವೇ ತಿಳಿಯದಂತಾಗುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಪಾರ್ಟಿಗೆಂದು ಹೋಗುವುದಾದರೆ ಗಾಡಿಯ ಹೆಸರು ಹೇಳಿದರೆ ಸಾಲದು. ಎಂಜಿನ್ ನಂಬರಿನ ಫೋಟೋ, ತಯಾರಾದ ವರ್ಷ, ಜೊತೆಗೆ ಬಿಚ್ಚಿದ ಹಳೇ ಪಾರ್ಟನ್ನೇ ಚೀಲದಲ್ಲಿ ಒಯ್ಯಿರಿ. ಜೋಡಿಸಿದ ಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಆಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಷರ್ ಗೇಜ್ ಹಾಕಿ ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ತಣ್ಣಗಿರುವಾಗ ಆಯಿಲ್ ಗಟ್ಟಿಯಾಗಿರುವುದರಿಂದ ಮುಚ್ಚದೆ ಬಿಟ್ಟ ತೂತು ಕೂಡ ಗೇಜಿನಲ್ಲಿ ಕಾಣುವುದಿಲ್ಲ.