ಆಹಾರ ವಿಕಿರಣೀಕರಣ: ಜನರ ಮನೋಭಾವ

ಆಹಾರವನ್ನು ಕೋಬಾಲ್ಟ್-60ರ ಗ್ಯಾಮಾ ಕಿರಣ, ಎಕ್ಸ್-ರೇ ಅಥವಾ ಎಲೆಕ್ಟ್ರಾನ್ ಪುಂಜಕ್ಕೆ ಒಡ್ಡಿ ರೋಗಾಣುಗಳನ್ನೂ ಹುಳುಗಳನ್ನೂ ಕೊಲ್ಲುವ, ಈರುಳ್ಳಿ ಆಲೂಗಡ್ಡೆಗಳು ಮೊಳೆಯದಂತೆ ತಡೆಯುವ ವಿಧಾನವೇ ವಿಕಿರಣೀಕರಣ. ಇದರಿಂದ ಆಹಾರ ವಿಕಿರಣಶೀಲವಾಗುವುದಿಲ್ಲ. ಆದರೂ ಆ ಹೆಸರು ಕೇಳಿದೊಡನೆ ಅಣುಬಾಂಬು ನೆನಪಾಗಿ ಜನ ಹಿಂಜರಿಯುತ್ತಾರೆ.

ಭಾರತದಲ್ಲಿ ಈ ಅಂಜಿಕೆಗೆ ಬೇರೆಯೇ ಒಂದು ಹಿನ್ನೆಲೆಯುಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1975ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಗತಾನೇ ವಿಕಿರಣಕ್ಕೊಡ್ಡಿದ ಗೋಧಿ ತಿಂದ ಅಪೌಷ್ಟಿಕ ಮಕ್ಕಳ ರಕ್ತದಲ್ಲಿ, ಇರಬೇಕಾದ್ದಕ್ಕಿಂತ ಹೆಚ್ಚು ಕ್ರೋಮೋಸೋಮುಗಳಿದ್ದ ಜೀವಕೋಶಗಳು ಕಂಡವು ಎಂದು ಅದು ಹೇಳಿತು. ಹೋಲಿಕೆಗೆಂದು ಮಾಡಿದ್ದ ಒಂದೊಂದು ಗುಂಪಿನಲ್ಲಿದ್ದ ಮಕ್ಕಳು ಐದೇ ಮಂದಿ. ಹಸಿದ ಮಕ್ಕಳನ್ನು ಇಂಥ ಪರೀಕ್ಷೆಗೆ ಬಳಸಿದ್ದೇ ನೋವಿನ ಸಂಗತಿ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಸರ್ಕಾರ ಪರಿಶೀಲನೆಗೆ ನೇಮಿಸಿದ ಕೇಶವನ್ ಮತ್ತು ಸುಖಾತ್ಮೆ ಸಮಿತಿಯೂ ಹೈದರಾಬಾದಿನ ತೀರ್ಮಾನಕ್ಕೆ ಆಧಾರ ಸಾಲದು ಎಂದಿತು. 10 ಕಿಲೋಗ್ರೇವರೆಗಿನ ವಿಕಿರಣ ಪ್ರಮಾಣ (ಗ್ರೇ ಎಂಬುದು ಹೀರಿಕೊಂಡ ವಿಕಿರಣದ ಅಳತೆ) ನಿರಪಾಯಕಾರಿ ಎಂದು 1980ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಯೂ ತೀರ್ಪಿತ್ತಿತು. ಆದರೆ ವಿದೇಶಗಳಲ್ಲಿ ನಡೆದ ವಿಕಿರಣೀಕರಣ ವಿರೋಧಿ ಪ್ರಚಾರದಲ್ಲಿ ಆ ಐದು ಮಕ್ಕಳ ಕಥೆ ಮತ್ತೆ ಮತ್ತೆ ಮರುಕಳಿಸಿತು.

ಭಯದ ಮಾತು ಹೆಚ್ಚು ಬೇಗ ನಾಟುತ್ತದೆಂಬುದಕ್ಕೆ ಅಮೆರಿಕದಲ್ಲಿ ಪುರಾವೆಯಿದೆ. ಫಾಕ್ಸ್, ಹೇಯ್ಸ್, ಶೋಗ್ರೆನ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಂದ ವಿಕಿರಣೀಕರಿಸಿದ ಹಂದಿಮಾಂಸಕ್ಕೆ ಹರಾಜು ಕೂಗಿಸಿದರು. ವಿಕಿರಣೀಕರಣದ ಪರವಾದ ಮಾತನ್ನಷ್ಟೇ ಓದಿದವರು ಹೆಚ್ಚು ಬೆಲೆ ಕೊಟ್ಟರು. ಪರ, ವಿರೋಧ ಎರಡನ್ನೂ ಓದಿದವರಲ್ಲಿ ವಿರೋಧದ ಮಾತೇ ಗೆದ್ದಿತು. ಈ ಅಂಜಿಕೆಯನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಪ್ರತಿದಿನ ಮಕ್ಕಳ ತಟ್ಟೆಗೆ ಬಡಿಸುವವರು ಎಚ್ಚರ ವಹಿಸುವುದು ನ್ಯಾಯವೇ.

ಈ ಅಂಜಿಕೆಯ ನಡುವೆಯೂ ಭಾರತ 1994ರಲ್ಲಿ ಈರುಳ್ಳಿ, ಆಲೂಗಡ್ಡೆ, ಮಸಾಲೆ ಪದಾರ್ಥಗಳ ವಿಕಿರಣೀಕರಣಕ್ಕೆ ಅನುಮತಿ ನೀಡಿತು. 2007ರಲ್ಲಿ ಮಹಾರಾಷ್ಟ್ರದ ಲಾಸಲ್‌ಗಾಂವ್‌ನ ಘಟಕದಲ್ಲಿ ಸಂಸ್ಕರಿಸಿದ ಮಾವು ಅಮೆರಿಕಕ್ಕೆ ಹೋಯಿತು. ಹಣ್ಣಿನೊಳಗಿನ ಕೀಟಗಳ ನಿವಾರಣೆಗೆ ಆ ದೇಶ ಕನಿಷ್ಠ 400 ಗ್ರೇ ಕೇಳುತ್ತದೆ. ಮುಂದೆ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಇಂಥ ಘಟಕ ಬಂತು.

ಹೀಗೆ ಸಂಸ್ಕರಿಸಿದ ಆಹಾರದ ಪೊಟ್ಟಣದ ಮೇಲೆ ರಡುರಾ ಚಿಹ್ನೆ ಇರಲೇಬೇಕು. ವೃತ್ತದೊಳಗೆ ಎರಡು ಎಲೆ, ಮೇಲೊಂದು ಚುಕ್ಕೆ, ಬಣ್ಣ ಹಸಿರು. ಮಸಾಲೆ ಕೊಳ್ಳುವಾಗ ಓದುಗರು ಅದನ್ನು ಹುಡುಕಿ ನೋಡಲಿ.