ಕೊಟ್ಟವರ ಲೆಕ್ಕ, ಪಡೆದವರ ಹೆಸರು

ಹಳೇ ಮೈಸೂರಿನ ಜನ 1876-78ರ ಬರಗಾಲವನ್ನು ಇಸವಿ ಹಿಡಿದು ನೆನೆಯಲಿಲ್ಲ, ಸಂವತ್ಸರ ಹಿಡಿದು ನೆನೆದರು. ಅದು ಅವರಿಗೆ ಧಾತು-ಈಶ್ವರದ ಬರ. ಧಾತು ಸಂವತ್ಸರದಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ಈಶ್ವರ ಸಂವತ್ಸರದ ಮುಂಗಾರು ಕೂಡ ಬಾರದೆ ಹೋಯಿತು. ಅದರ ಮುಂದಿನ ವರ್ಷಕ್ಕೆ ಪಂಚಾಂಗ ಕೊಟ್ಟ ಹೆಸರು ಬಹುಧಾನ್ಯ. ಆ ಧಾನ್ಯವನ್ನು ಉಣ್ಣಲು ಉಳಿದವರು ಎಷ್ಟು ಮಂದಿ ಎಂಬುದನ್ನು ಜನಗಣತಿ ಹೇಳುತ್ತದೆ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ 41,86,188. ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಸಿದಿತ್ತು.

ಈ ಬರಗಾಲದ ಚರಿತ್ರೆಯನ್ನು ಮಳೆ, ಬೆಲೆ, ಸಾವುಗಳ ಲೆಕ್ಕವಾಗಿ ಓದುವುದು ರೂಢಿ. ಅದನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಕಡಲಾಚೆಯ ಜನ ನಮ್ಮ ಬಡವರಿಗೆ ನೆರವಾಗಲು ದೊಡ್ಡ ಪ್ರಮಾಣದಲ್ಲಿ ಮುಂದಾದ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ವಿದೇಶಕ್ಕೆ ಹೋಗಿ ಸ್ವಯಂಸೇವೆ ಮಾಡುವುದು ಇಂದು ವಿದ್ಯಾರ್ಥಿಗಳಿಗೆ ಪರಿಚಿತ ಮಾತು. ಬೆಂಗಳೂರಿನ ಸುತ್ತಲಿನ ಶಾಲೆಗಳಿಗೆ, ಅನಾಥಾಲಯಗಳಿಗೆ ಹಾಗೆ ಬಂದು ಕೆಲವು ವಾರ ಕೆಲಸ ಮಾಡಿ ಹೋಗುವವರಿದ್ದಾರೆ. ದೂರದವರು ಬಂದು ಕೊಡುವ ನೆರವು ಏನನ್ನು ಉಳಿಸುತ್ತದೆ, ಅದರ ಲೆಕ್ಕ ಬರೆಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಯ ಎರಡು ಹಳ್ಳಿಗಳು ಸಾಕು.

ಮೊದಲು ಈ ಸೀಮೆಯ ಸ್ವಭಾವವನ್ನು ಗಮನಿಸಬೇಕು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿ, ದಕ್ಷಿಣ ಪಿನಾಕಿನಿಗಳು ಮಳೆ ಬಂದರೆ ಹೊಳೆ, ಇಲ್ಲದಿದ್ದರೆ ಮರಳು. ಹಾಗಾಗಿ ಇಲ್ಲಿನವರು ಕೆರೆ ಕಟ್ಟಿದರು, ರಾಗಿ ಬೆಳೆದರು. ರಾಗಿ ಹುಳ ಹಿಡಿಯದೆ ವರ್ಷಗಟ್ಟಲೆ ಉಳಿಯುವ ಧಾನ್ಯ. ಅದನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಹಾಕಿಬಿಟ್ಟರೆ ಒಂದು ವರ್ಷದ ಬರವನ್ನು ಹಳ್ಳಿ ತಾನೇ ತಡೆದುಕೊಳ್ಳುತ್ತಿತ್ತು. ಹಗೇವು ಬಡವರ ವಿಮೆ. ಆದರೆ ಒಂದರ ಹಿಂದೆ ಒಂದು ಬೆಳೆ ಹೋದಾಗ ಹಗೇವೂ ಬರಿದಾಗುತ್ತದೆ. ಸ್ವಂತ ಹೊಲವಾಗಲಿ ಹಗೇವಾಗಲಿ ಇಲ್ಲದ ಕೂಲಿಯವರಿಗೆ, ನೂಲು ಕೊಳ್ಳಲು ಸಾಲವೂ ಹುಟ್ಟದ ನೇಕಾರರಿಗೆ ಮೊದಲ ವರ್ಷವೇ ಕೊನೆಯ ವರ್ಷವಾಗುವ ಭಯವಿತ್ತು.

ಆಗ ಮೈಸೂರು ಕಮಿಷನರುಗಳ ಆಳ್ವಿಕೆಯಲ್ಲಿತ್ತು. 1831ರಿಂದ ಆಡಳಿತ ಬ್ರಿಟಿಷರ ಕೈಯಲ್ಲಿ. ಪಟ್ಟಕ್ಕೆ ಬಂದಿದ್ದ ಚಾಮರಾಜೇಂದ್ರ ಒಡೆಯರ್ ಇನ್ನೂ ಬಾಲಕ. ಬರ ತೀವ್ರವಾಗುತ್ತಿದ್ದ ಹೊತ್ತಿಗೆ, 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಸಾರುವ ದರ್ಬಾರು ದೆಹಲಿಯಲ್ಲಿ ನಡೆಯಿತು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು ಎಂಬುದು ವೈಸ್‌ರಾಯ್ ಲಿಟ್ಟನ್‌ನ ನಿಲುವು. ಖರ್ಚಿಗೆ ಕಡಿವಾಣ ಹಾಕಲು ಆತ ದಕ್ಷಿಣಕ್ಕೆ ಕಳಿಸಿದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸು ಸಾಕೆಂದ. ಅಷ್ಟರಲ್ಲಿ ದುಡಿಯುವ ಮೈ ಉಳಿಯುವುದಿಲ್ಲ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ವಾದಿಸಿದ. ಈ ವಾದವಿವಾದ ನಡೆದಿರುವಾಗಲೇ ಹಳ್ಳಿಗಳಲ್ಲಿ ಗಂಜಿ ಕೇಂದ್ರಗಳು ತೆರೆದವು. ಅವುಗಳನ್ನು ನಡೆಸುವ ಹೊರೆ ಬಿದ್ದದ್ದು ಅಮಲ್ದಾರರ ಮೇಲೆ, ಶೇಕದಾರರ ಮೇಲೆ, ಶಾನುಭೋಗರ ಮೇಲೆ. ನೆರವಿನ ಚರಿತ್ರೆಯಲ್ಲಿ ಇವರ ಹೆಸರು ಹೆಚ್ಚಾಗಿ ಬರುವುದಿಲ್ಲ. ಬೆಂಗಳೂರು-ಮೈಸೂರು ರೈಲುದಾರಿಯ ಮಣ್ಣು ಕೆಲಸ ಶುರುವಾದದ್ದೂ ಬರಗಾಲದ ಕೂಲಿಯಿಂದಲೇ. ಬರಕ್ಕಾಗಿ ಭಾರತ ಸರ್ಕಾರ ಕೊಟ್ಟ ಹಣ ದಾನವಾಗಿರಲಿಲ್ಲ. 1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿದಾಗ ದಿವಾನ್ ರಂಗಾಚಾರ್ಲು ಅವರಿಗೆ ಖಜಾನೆಯ ಜೊತೆ 80 ಲಕ್ಷ ರೂಪಾಯಿ ಸಾಲವೂ ಸಿಕ್ಕಿತು.

ಸರ್ಕಾರ ಮಾಡದಿದ್ದುದನ್ನು ಮಾಡಬೇಕೆಂದು ಜನರೇ ಮುಂದೆ ಬಂದದ್ದು 1877ರ ಆಗಸ್ಟಿನಲ್ಲಿ. ಮದ್ರಾಸಿನಲ್ಲಿ ಸಾರ್ವಜನಿಕ ಸಭೆ ಸೇರಿತು, ಲಂಡನ್ ಮೇಯರಿಗೆ ತಂತಿ ಹೋಯಿತು. ಮೇಯರ್ ತೆರೆದ ಮ್ಯಾನ್ಷನ್ ಹೌಸ್ ನಿಧಿಗೆ ಇಂಗ್ಲೆಂಡಿನ ಊರೂರುಗಳಿಂದ, ಆಸ್ಟ್ರೇಲಿಯಾದಂಥ ದೂರದ ವಸಾಹತುಗಳಿಂದ ಲಕ್ಷಾಂತರ ಪೌಂಡ್ ಹರಿದು ಬಂತು. ಲ್ಯಾಂಕಷೈರಿನ ಗಿರಣಿ ಊರುಗಳವರೂ ಕೊಟ್ಟರು. ಆ ಗಿರಣಿಗಳ ಬಟ್ಟೆಯೊಂದಿಗೆ ಪೈಪೋಟಿ ಮಾಡಲಾಗದೆ ಕೈಮಗ್ಗಗಳು ಸೊರಗಿದ್ದ ಕಾಲವದು. ದೊಡ್ಡಬಳ್ಳಾಪುರದಂಥ ಮಗ್ಗದ ಊರಿನ ಕಡೆಯಿಂದ ನೋಡಿದರೆ ಈ ದಾನಕ್ಕೆ ಎರಡು ಮುಖ. ಗಿರಣಿಯ ಕೂಲಿಯವರು ತಮ್ಮ ಸಂಬಳದಲ್ಲಿ ಉಳಿಸಿ ಕೊಟ್ಟ ಕಾಸಿನ ಹಿಂದಿನ ಕರುಣೆ ನಿಜ. ಆ ಗಿರಣಿಯಿಂದಾಗಿ ಇಲ್ಲೊಬ್ಬ ನೇಕಾರ ಕೂಲಿಗಿಳಿದದ್ದೂ ನಿಜ.

ನಿಧಿಯ ಉದ್ದೇಶ ವಿವೇಕದ್ದಾಗಿತ್ತು. ಗಂಜಿ ಹಾಕಿ ಜೀವ ಉಳಿಸುವುದು ಸರ್ಕಾರದ ಕೆಲಸ. ಉಳಿದ ಜೀವ ಮತ್ತೆ ಬದುಕು ಕಟ್ಟಿಕೊಳ್ಳಲು ಬಿತ್ತನೆ ಬೀಜ, ಎತ್ತು, ನೇಗಿಲು, ಮನೆಯ ಸೂರು, ಮೈಮೇಲೆ ಬಟ್ಟೆ ಕೊಡಿಸುವುದು ನಿಧಿಯ ಕೆಲಸ. ಮದ್ರಾಸಿನ ಸಮಿತಿಯ ಗೌರವ ಕಾರ್ಯದರ್ಶಿಯಾಗಿ ದುಡಿದ ಪತ್ರಕರ್ತ ವಿಲಿಯಂ ಡಿಗ್ಬಿ 1878ರಲ್ಲೇ ಎರಡು ದಪ್ಪ ಸಂಪುಟಗಳಲ್ಲಿ ಈ ಕ್ಷಾಮದ ಕಥೆ ಬರೆದ. ಕೊಟ್ಟವರು ಯಾರು, ಎಷ್ಟು, ಯಾವ ಬಾಬ್ತಿಗೆ ಖರ್ಚಾಯಿತು ಎಂಬುದನ್ನೆಲ್ಲ ಅಲ್ಲಿ ನೋಡಬಹುದು. ಆದರೆ ಎತ್ತು ಪಡೆದ ಹೊಸಕೋಟೆಯ ರೈತನ ಹೆಸರನ್ನೋ, ಸೀರೆ ಪಡೆದ ದೇವನಹಳ್ಳಿಯ ಹೆಂಗಸಿನ ಹೆಸರನ್ನೋ ಅಂಥ ಪುಸ್ತಕಗಳಲ್ಲಿ ಹುಡುಕಲು ಹೋಗಬಾರದು. ಅವರು ಅಲ್ಲಿ ಸಂಖ್ಯೆಗಳು.

ಹಣ ಕಳಿಸಿದವರ ಮಾತು ಇದು. ತಾವೇ ಬಂದವರ ಕಥೆ ಬೇರೆ. ಅವರಲ್ಲಿ ಫ್ರೆಂಚ್ ಪಾದ್ರಿಗಳು ಮುಖ್ಯರು. ಮೈಸೂರು ಸೀಮೆಯ ಕಥೋಲಿಕ ಧರ್ಮಸಭೆ ಆಗ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಕೈಯಲ್ಲಿತ್ತು. ಆ ಸಂಘದ ಪಾದ್ರಿಗಳು ಊರು ಬಿಟ್ಟು ಹೊರಟರೆ ಮರಳಿ ಹೋಗುವ ಎಣಿಕೆ ಇಟ್ಟುಕೊಳ್ಳುತ್ತಿರಲಿಲ್ಲ. ಹೊರಟ ದಿನವೇ ತಾಯ್ನೆಲಕ್ಕೆ ಕೊನೆಯ ವಿದಾಯ. ಕನ್ನಡವನ್ನೋ ತಮಿಳನ್ನೋ ಕಲಿತು ಇಲ್ಲೇ ಬದುಕಿ ಇಲ್ಲೇ ಮಣ್ಣಾಗುವುದು ರೂಢಿ. ಇವರನ್ನು ಸ್ವಯಂಸೇವಕರು ಎಂದು ಕರೆಯಬಹುದೇ? ಸಂಬಳದ ಆಸೆಯಿಲ್ಲದೆ ಸ್ವಇಚ್ಛೆಯಿಂದ ಬಂದವರು ಎಂಬ ಅರ್ಥದಲ್ಲಿ ಕರೆಯಬಹುದು. ಆದರೆ ಸೇವೆಯ ಜೊತೆ ಅವರಿಗೆ ಇನ್ನೊಂದು ಉದ್ದೇಶವೂ ಇತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ.

ಬರ ಇಳಿದಾಗ ತಂದೆತಾಯಿ ಇಲ್ಲದ ಮಕ್ಕಳು ಮಿಷನ್ನುಗಳ ಕೈಯಲ್ಲಿ ಉಳಿದರು. ವೆಸ್ಲಿಯನ್ ಮಿಷನ್ ತುಮಕೂರು, ಹಾಸನಗಳಲ್ಲಿ ಅನಾಥಾಲಯ ನಡೆಸಿತು. ಕಥೋಲಿಕರು ಈ ಮಕ್ಕಳಿಗಾಗಿ ಬೇಸಾಯದ ಹಳ್ಳಿಗಳನ್ನೇ ಮಾಡಿದರು: ನೆಲಮಂಗಲ ತಾಲ್ಲೂಕಿನಲ್ಲಿ ಸಿಲುವೆಪುರ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಾಗೇನಹಳ್ಳಿ, ಆಗಿನ ಕಾನಕಾನಹಳ್ಳಿ ತಾಲ್ಲೂಕಿನಲ್ಲಿ ಮರಿಯಾಪುರ. ಶಾಸನಗಳ ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಈ ಮೂರನ್ನೂ ಬರಗಾಲದ ಅನಾಥರ ಬೇಸಾಯ ಕೇಂದ್ರಗಳೆಂದು ದಾಖಲಿಸುತ್ತಾರೆ. ಒಂದೇ ಸಾಲು, ಅಷ್ಟೇ. ಆ ಸಾಲಿನ ಹಿಂದೆ ಇರುವುದು ಹಳ್ಳಿಗಳ ಹುಟ್ಟು. ಇಂಥ ಮಿಷನ್ ಹಳ್ಳಿಗಳ ರೀತಿ ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ನಡುವೆ ಗುಡಿ, ಪಕ್ಕದಲ್ಲಿ ಶಾಲೆ, ಸುತ್ತ ಹೊಲ. ಗಂಡು ಹುಡುಗರಿಗೆ ಆರು ಹೂಡುವುದನ್ನು ಕಲಿಸುವುದು, ಪ್ರಾಯಕ್ಕೆ ಬಂದಾಗ ಕನ್ಯಾಮಠದಲ್ಲಿ ಬೆಳೆದ ಅನಾಥ ಹೆಣ್ಣುಮಕ್ಕಳೊಡನೆ ಮದುವೆ ಮಾಡಿ ಒಕ್ಕಲು ಕೂರಿಸುವುದು.

ಹೆಸರಘಟ್ಟದ ಕೆರೆಯ ಸೀಮೆಯಲ್ಲಿರುವ ಸಿಲುವೆಪುರದ ಹೆಸರೇ ಒಂದು ದಾಖಲೆ. ಕ್ರಿಸ್ತನ ಶಿಲುಬೆಗೆ ಕಥೋಲಿಕ ಕನ್ನಡಿಗರ ಮಾತು ಸಿಲುವೆ. ಸಿರಿಯಾಕ್ ಭಾಷೆಯ ಪದ ತಮಿಳಿನ ಸಿಲುವೈ ಆಗಿ, ಕನ್ನಡಕ್ಕೆ ಬಂದು ಸಿಲುವೆಯಾಯಿತು. ಕನ್ನಡ ಬೈಬಲಿನ ದಾರಿಯಲ್ಲಿ ಶಿಲುಬೆಯಾಯಿತು. ಹಾಗೆಯೇ ಈ ಹಳ್ಳಿಗಾಡಿನ ಕ್ರೈಸ್ತರ ಹೆಸರುಗಳು. ರಾಯಪ್ಪ ಎಂದರೆ ಪೇತ್ರ, ಚಿನ್ನಪ್ಪ ಎಂದರೆ ಪೌಲ, ಅರುಳಪ್ಪ ಎಂದರೆ ಯೊವಾನ್ನ, ಚೌರಪ್ಪ ಎಂದರೆ ಸಂತ ಕ್ಸೇವಿಯರ್, ಇನ್ನಾಸಪ್ಪ ಎಂದರೆ ಇಗ್ನೇಷಿಯಸ್. ರೋಮಿನ ಸಂತರು ಇಲ್ಲಿ ಅಪ್ಪಂದಿರಾಗಿ ಒಕ್ಕಲುತನಕ್ಕೆ ನಿಂತರು. ಗಂಜಿ ಕೇಂದ್ರದಿಂದ ಬಂದ ಹುಡುಗ ಚೌರಪ್ಪನಾಗುವ ಮೊದಲು ಏನಾಗಿದ್ದ? ಮುನಿಯನೋ, ಹನುಮನೋ, ನರಸಿಂಹನೋ? ತಾಯಿ ಅವನನ್ನು ಕರೆಯುತ್ತಿದ್ದ ಹೆಸರನ್ನು ಯಾವ ಗೆಜೆಟಿಯರೂ ಬರೆದಿಡಲಿಲ್ಲ.

ಇಲ್ಲಿ ಎರಡು ಸುಲಭದ ಕಥೆಗಳು ನಮ್ಮನ್ನು ಎಳೆಯುತ್ತವೆ. ಸಾಯುತ್ತಿದ್ದ ಮಕ್ಕಳನ್ನು ದಯಾಮಯ ಪಾದ್ರಿಗಳು ಉಳಿಸಿದರು ಎಂಬುದು ಒಂದು. ಹಸಿವನ್ನು ಬಳಸಿಕೊಂಡು ಮಕ್ಕಳ ಧರ್ಮ ಕಿತ್ತುಕೊಂಡರು ಎಂಬುದು ಇನ್ನೊಂದು. ಎರಡಕ್ಕೂ ಆಧಾರವಿದೆ. ಎರಡರಲ್ಲೂ ಕಥಾನಾಯಕ ಕೊಡುವವನೇ. ಒಂದರಲ್ಲಿ ದೇವರು, ಇನ್ನೊಂದರಲ್ಲಿ ಕಳ್ಳ. ಮಗು ಎರಡರಲ್ಲೂ ಬಾಯಿಲ್ಲದ ವಸ್ತು. ಸತ್ತಿದ್ದ ಮನೆಯಿಂದ ಎದ್ದುಬಂದ ಆ ಮಗುವಿನ ಕಡೆಯಿಂದ ನೋಡಿದರೆ ಪ್ರಶ್ನೆಗಳು ಬೇರೆಯಾಗುತ್ತವೆ. ಅದನ್ನು ಸಾಕಲು ಊರಿನಲ್ಲಿ ಯಾರೂ ಉಳಿದಿರಲಿಲ್ಲವೇ? ಉಳಿದವರು ಕೇಳಿಕೊಂಡು ಬಂದಿದ್ದರೆ ಮಗು ಮರಳಿ ಸಿಗುತ್ತಿತ್ತೇ? ಕೆಳಜಾತಿಯ ಮಗುವಾಗಿದ್ದರೆ, ಹೊಸ ಹಳ್ಳಿಯಲ್ಲಿ ಅದಕ್ಕೆ ಸಿಕ್ಕ ಹೊಲ, ಶಾಲೆ ಹಳೆಯ ಹಳ್ಳಿಯಲ್ಲಿ ಸಿಗುತ್ತಿದ್ದವೇ? ಈ ಪ್ರಶ್ನೆಗಳನ್ನು ಸರ್ಕಾರವೂ ಎದುರಿಸಬೇಕಾಯಿತು. ಮೈಸೂರಿನ ಕ್ಷಾಮ ಕಮಿಷನರ್ ಆಗಿದ್ದ ಚಾರ್ಲ್ಸ್ ಎಲಿಯಟ್ ಮುಂದೆ ಅಖಿಲ ಭಾರತ ಕ್ಷಾಮ ಆಯೋಗದ ಕಾರ್ಯದರ್ಶಿಯಾದ. ಆಯೋಗದ 1880ರ ವರದಿಯಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು. ಅನಾಥ ಮಕ್ಕಳನ್ನು ಮೊದಲು ಅವರವರ ಧರ್ಮದವರಿಗೇ ಒಪ್ಪಿಸಲು ನೋಡಬೇಕೆಂಬ ನಿಯಮ ಈ ಸಂಹಿತೆಗಳ ಪರಂಪರೆಯಲ್ಲಿ ಸೇರಿಕೊಂಡಿತು. ಸಿಲುವೆಪುರದಂಥ ಹಳ್ಳಿಗಳು ಎಬ್ಬಿಸಿದ ಪ್ರಶ್ನೆಗೆ ಅದು ತಡವಾದ ಉತ್ತರ.

ಕಡಲಾಚೆಯ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ಫ್ಲಾರೆನ್ಸ್ ನೈಟಿಂಗೇಲ್ ಒಮ್ಮೆಯೂ ಭಾರತಕ್ಕೆ ಬರಲಿಲ್ಲ. ಲಂಡನ್ನಿನ ಮನೆಯಲ್ಲಿ ಕೂತು, ದಕ್ಷಿಣ ಭಾರತದ ವರದಿಗಳನ್ನು ತರಿಸಿ ಓದಿ, 1878ರಲ್ಲಿ ಭಾರತದ ಜನರ ಸ್ಥಿತಿಯ ಬಗ್ಗೆ ಪತ್ರಿಕೆಯಲ್ಲಿ ಲೇಖನ ಬರೆದಳು. ರೈತನ ಸಾಲ, ಬಡ್ಡಿ, ನೀರಾವರಿಯ ಕೊರತೆ ಅವಳ ವಿಷಯ. ಬರಗಾಲದಲ್ಲಿ ಗಂಜಿ ಹಾಕುವವರು ಇರುತ್ತಾರೆ, ಬರ ಯಾಕೆ ಕ್ಷಾಮವಾಯಿತು ಎಂದು ಕೇಳುವವರು ಕಡಿಮೆ. ಬಂದು ನೆರವಾದ ಎಷ್ಟೋ ಜನ ಕೇಳದ ಪ್ರಶ್ನೆಯನ್ನು ಬಾರದೇ ಇದ್ದವಳು ಕೇಳಿದಳು. ನೆರವಿಗೆ ಹೊರಟವರೆಲ್ಲ ಹಡಗು ಹತ್ತಲೇಬೇಕೆಂದಿಲ್ಲ.

ಇದಾಗಿ ಸುಮಾರು ತೊಂಬತ್ತು ವರ್ಷಗಳ ನಂತರ ಮತ್ತೊಂದು ಬಗೆಯ ವಿದೇಶಿಯರು ನಮ್ಮ ಹಳ್ಳಿಗಳಿಗೆ ಬಂದರು. ಅಧ್ಯಕ್ಷ ಕೆನಡಿ 1961ರಲ್ಲಿ ಕಟ್ಟಿದ ಪೀಸ್ ಕೋರ್‌ನ ಯುವಕ ಯುವತಿಯರು ಆಗಿನ ಮೈಸೂರು ರಾಜ್ಯದಲ್ಲೂ ಕೆಲಸ ಮಾಡಿದರು, ಕನ್ನಡ ಕಲಿತರು. ಅವರ ಅವಧಿ ಸಾಮಾನ್ಯವಾಗಿ ಎರಡು ವರ್ಷ. 1976ರ ಹೊತ್ತಿಗೆ ಆ ಸಂಸ್ಥೆ ಭಾರತದಿಂದ ಹೊರಟಿತು. ಫ್ರೆಂಚ್ ಪಾದ್ರಿ ಜೀವಮಾನ ಕೊಟ್ಟು ಮಗುವಿನ ಹೆಸರು ಬದಲಿಸಿದ. ಅಮೆರಿಕದ ತರುಣ ಯಾರ ಹೆಸರನ್ನೂ ಬದಲಿಸಲಿಲ್ಲ, ಎರಡು ವರ್ಷ ಮಾತ್ರ ಕೊಟ್ಟ. ಯಾವುದು ಹೆಚ್ಚು ಎಂದು ತೂಗುವುದು ಕಷ್ಟ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬಹುದಾದದ್ದು ಇಲ್ಲೇ ಬೆಳೆಯಿತು. ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ನಮ್ಮ ಹಳ್ಳಿಗಳ ಬಡವರ ನಡುವೆ ಕೆಲಸಕ್ಕಿಳಿಯಿತು. 1984-85ರ ಸುಮಾರಿಗೆ, ದೊಡ್ಡ ಸಹಕಾರ ಸಂಘಗಳು ಒಡೆದಲ್ಲಿ, ಒಬ್ಬರನ್ನೊಬ್ಬರು ನಂಬುವ ಸಣ್ಣ ಗುಂಪುಗಳು ಉಳಿದುಕೊಂಡದ್ದನ್ನು ಸಂಸ್ಥೆ ಗಮನಿಸಿತು. ಆ ಗುಂಪುಗಳು ತಮ್ಮದೇ ಉಳಿತಾಯವನ್ನು ಒಟ್ಟುಹಾಕಿ, ತಮ್ಮೊಳಗೇ ಸಾಲ ಕೊಟ್ಟುಕೊಂಡವು. ನಬಾರ್ಡ್ 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. ಇಂದು ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ವಾರಕ್ಕೊಮ್ಮೆ ಸೇರುವ ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳ ಹಿಂದೆ ಈ ಚರಿತ್ರೆಯ ಪಾಲೂ ಇದೆ. ಆ ಸಂಘಗಳ ಮೇಲೂ ಸಾಲದ ಒತ್ತಡವಿದೆ, ರಾಜಕೀಯವಿದೆ. ಆದರೂ ಒಂದು ವ್ಯತ್ಯಾಸ ದೊಡ್ಡದು. ಅಲ್ಲಿ ಲೆಕ್ಕದ ಪುಸ್ತಕ ಹಣ ಪಡೆಯುವ ಹೆಂಗಸರ ಕೈಯಲ್ಲೇ ಇರುತ್ತದೆ. ಯಾರು ಎಷ್ಟು ಪಡೆದರು, ಯಾಕೆ ಪಡೆದರು, ಎಷ್ಟು ತೀರಿಸಿದರು ಎಂಬುದರ ಮುಂದೆ ಅವರವರ ಹೆಸರಿರುತ್ತದೆ, ಅವರದೇ ರುಜು ಇರುತ್ತದೆ.

ನೂರಾ ಐವತ್ತು ವರ್ಷ ಹಿಂದಿನ ಡಿಗ್ಬಿಯ ಸಂಪುಟಗಳಿಗೂ ಈ ಉದ್ದನೆಯ ಗೆರೆಪುಸ್ತಕಕ್ಕೂ ನಡುವಿನ ದೂರವೇ ನೆರವಿನ ಚರಿತ್ರೆ. ನಾಳೆ ಕೆನ್ಯಾಕ್ಕೋ ಕಾಂಬೋಡಿಯಾಕ್ಕೋ ಸೇವೆಗೆ ಹೊರಡುವ ಕನ್ನಡದ ಹುಡುಗ ಹುಡುಗಿಯರೂ ಇದ್ದಾರೆ. ಈಗ ನಾವು ಬರೀ ಪಡೆಯುವ ಕಡೆಯವರಲ್ಲ, ಕೊಡುವ ಕಡೆಯವರೂ ಹೌದು. ಅಲ್ಲಿನ ಮಗುವಿನ ಜೊತೆ ನಿಂತು ಫೋಟೊ ತೆಗೆಸಿಕೊಳ್ಳುವ ಮೊದಲು ಆ ಮಗುವಿನ ಹೆಸರು ಕೇಳಬೇಕು, ಅದನ್ನು ಅದರ ಮನೆಯವರು ಕರೆಯುವಂತೆಯೇ ಕರೆಯಲು ಕಲಿಯಬೇಕು. ಸಿಲುವೆಪುರದ ಮೊದಲ ಒಕ್ಕಲುಗಳಿಗೆ ಹೊಲ ಸಿಕ್ಕಿತು, ಮನೆ ಸಿಕ್ಕಿತು, ಊರು ಸಿಕ್ಕಿತು. ಕೇಳಿ ಬರೆದುಕೊಳ್ಳಬಹುದಾಗಿದ್ದ ಅವರ ಹೆಸರು ಮಾತ್ರ ಯಾರ ಪುಸ್ತಕಕ್ಕೂ ಹತ್ತಲಿಲ್ಲ.