ಮೀನಿನ ಮೂಲ

ನದಿಮೂಲ, ಋಷಿಮೂಲಗಳನ್ನು ಕೇಳಬಾರದೆಂದು ಹಿರಿಯರು ಹೇಳುವುದುಂಟು. ಆದರೆ ಮೀನಿನ ಮೂಲವನ್ನು ಕೇಳದೆ ಹೋದುದರಿಂದ ಆದ ಅನರ್ಥವೊಂದನ್ನು ತಮಗೆ ಹೇಳಬೇಕಾಗಿದೆ.

ಹರಿಹರದ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡಿದವರು ತಾವು. ಈ ಹೊಳೆಗೆ ಸಲ್ಲುವ ದೊಡ್ಡ ಮೀನು ನೀಲಿ ರೆಕ್ಕೆಯ ಮಹಶೀರ್. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ತಾವು ಪುರಿ ಎರಚಿದ ಮೀನುಗಳಲ್ಲಿ ಇದೂ ಉಂಟು. 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದುದು ಪುಣೆಯ ಮುಳಾ-ಮುಠಾ ಹೊಳೆಯಲ್ಲಿ ಕಂಡು. ಪುಣೆಗೂ ಹರಿಹರಕ್ಕೂ ಏನು ನಂಟು ಎನ್ನುವಿರಾ? ಮುಳಾ-ಮುಠೆ ಭೀಮೆಗೆ, ಭೀಮೆ ಕೃಷ್ಣೆಗೆ. ನಮ್ಮ ತುಂಗಭದ್ರೆಯೂ ಕೃಷ್ಣೆಗೇ. ಕಾವೇರಿ ನಮ್ಮದೇ ನಾಡಿನಲ್ಲಿ ಹುಟ್ಟಿದರೂ ನೀರಿನ ಲೆಕ್ಕದಲ್ಲಿ ಬೇರೆ ಮನೆತನ.

ಮಳೆಗಾಲದ ಹೊಸ ನೀರಿಗೆ ಎದುರಾಗಿ ಮೇಲಕ್ಕೇರಿ, ಹರಳುಗಲ್ಲಿನ ತಳದಲ್ಲಿ ಮೊಟ್ಟೆಯಿಡುವುದು ಮಹಶೀರಿನ ರೂಢಿ. 1953ರಲ್ಲಿ ಹರಿಹರದ ಕೆಳಗೆ ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟಾಯಿತು. ಮೇಲೆ ಲಕ್ಕವಳ್ಳಿಯಲ್ಲಿ ಭದ್ರೆಗೂ ಕಟ್ಟೆ ಎದ್ದಿತು. ಭದ್ರಾ ನಾಲೆ ದಾವಣಗೆರೆಯ ಸುತ್ತ ಬತ್ತ ಬೆಳೆಸಿತು. ಆ ಅನ್ನ ಉಣ್ಣುವ ನಮಗೆ ಕಟ್ಟೆಯನ್ನು ದೂರುವ ಬಾಯಿಲ್ಲ. ಆದರೂ ಹೊಳೆ ತುಂಡಾದರೆ ಮೀನಿನ ಬಳಗವೂ ತುಂಡಾಗುತ್ತದೆ. ಚಿಕ್ಕ ಗುಂಪಿನೊಳಗೇ ಸಂತತಿ ಬೆಳೆದರೆ ವಂಶವಾಹಿಗಳ ವೈವಿಧ್ಯ ಕುಗ್ಗಿ, ಕಷ್ಟಕಾಲವನ್ನು ತಡೆಯುವ ಕಸುವು ಕುಂದುತ್ತದೆ.

ಮೀನು ಕಡಿಮೆಯಾದಲ್ಲಿ ಮರಿ ಬಿಡುವುದು ಸುಲಭದ ಉಪಾಯವಾಗಿ ತೋರಿತು. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬೆಳೆಸಿ ಹಲವು ಕಡೆಗೆ ಕಳುಹಿದರು. ಸದುದ್ದೇಶವೇ, ಸಂದೇಹವಿಲ್ಲ. ಕಾವೇರಿಗೂ ಆ ಮರಿಗಳು ಬಂದವು. ಅಲ್ಲಿ ಡುಬ್ಬದ ಮಹಶೀರ್ ಎಂಬ ಬೇರೊಂದು ಮೀನು ಮೊದಲಿನಿಂದಲೂ ಇತ್ತು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು 120 ಪೌಂಡು ತೂಗಿತ್ತು! ಕಾಲಕ್ರಮದಲ್ಲಿ ಹೊರಗಿನದು ಹೆಚ್ಚಿತು, ಮನೆಯದು ವಿರಳವಾಯಿತು. ಸೋಜಿಗವೆಂದರೆ, ಇಷ್ಟು ಹೆಸರಾದ ಮೀನಿಗೆ ಶಾಸ್ತ್ರದ ಹೆಸರೇ ಗೊತ್ತಾಗಿರಲಿಲ್ಲ. ಮೈಲಕ್ಷಣಗಳನ್ನೂ ಡಿ.ಎನ್.ಎ.ಯನ್ನೂ ಹೋಲಿಸಿ ಅದು ‘ಟಾರ್ ರೆಮಾದೇವಿಯೈ’ ಎಂದು ವಿಜ್ಞಾನಿಗಳು ಗುರುತಿಸಿದುದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತಿ ಸಮೀಪದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ನಾಮಕರಣಕ್ಕೂ ವೈದ್ಯರ ಕರೆಗೂ ಒಂದೇ ಸಂವತ್ಸರ!

ಹೀಗಿರುವಾಗ ತುಂಗಭದ್ರೆಗೆ ಮರಿ ಬಿಡುವವರು ಮೊದಲು ಕುಲ ಕೇಳಬೇಕು. ಅದಕ್ಕೆ ಮೀನನ್ನು ಕೊಲ್ಲಬೇಕಾಗಿಲ್ಲ. ರೆಕ್ಕೆಯಂಚಿನ ಚೂರೊಂದು ಸಾಕು. ಅದನ್ನು ಹೋಲಿಸಿ ನೋಡಲು ಹಳೆಯ ಬಳಗ ಎಲ್ಲಿದೆ? ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿ, ದೇವರ ಮೀನೆಂದು ಜನ ಬಲೆ ಬೀಸದೆ ಬಿಟ್ಟ ಮಡುಗಳಲ್ಲಿ ಮೊದಲು ಹುಡುಕಬೇಕು.